ಮುಕ್ಕಾಲು ಮೀಟರಿನ ಹೆಜ್ಜೆ

ನಮ್ಮ ಮನೆಯವರ ಒಂದು ಹೆಜ್ಜೆ ಅಂದರೆ ಮುಕ್ಕಾಲು ಮೀಟರ್. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದು ನಾನು ಕಟ್ಟಿದ ಕತೆಯಲ್ಲ, ನಗರಸಭೆಯ ಸರ್ವೆ ವಿಭಾಗದಲ್ಲಿ ಯಾರನ್ನು ಬೇಕಾದರೂ ಕೇಳಿ. ಮೂವತ್ತೊಂದು ವರ್ಷದಿಂದ ಇವರು ಅಲ್ಲಿ ಸರ್ವೇಯರ್. ಟೇಪು ಬಿಚ್ಚುವ ಮೊದಲೇ ಜಾಗದ ಈ ತುದಿಯಿಂದ ಆ ತುದಿಗೆ ನಡೆದು ಬಂದು "ನಲವತ್ತೈದು" ಎನ್ನುತ್ತಿದ್ದರು. ಆಮೇಲೆ ಟೇಪು ಎಳೆದರೆ ಅದೂ ನಲವತ್ತೈದನ್ನೇ ಹೇಳುತ್ತಿತ್ತು. ಬೇಲಿಗಾಗಿ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ಒಮ್ಮೆ ಟೇಪನ್ನು ನಂಬದೆ ಇವರ ಕಾಲನ್ನು ನಂಬಿ ಜಗಳ ಮುಗಿಸಿದ್ದರಂತೆ. ಆಫೀಸಿನಲ್ಲಿ ಇವರಿಗೆ ಮೀಟರ್ ಸಾಹೇಬ್ರು ಅಂತಲೇ ಹೆಸರು.

ಹೊರಗಿನವರಿಗೆ ಇದೆಲ್ಲ ಭಲೇ ಅನ್ನಿಸುತ್ತದೆ. ಕಟ್ಟಿಕೊಂಡವಳ ಪಾಡು ಬೇರೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಸಂಜೆ ತಿರುಗಾಡಲು ಹೋದಾಗ ನಾನು ಏನಾದರೂ ಕೇಳಿದರೆ ಇವರು ಬಾಯಿ ಬಿಡದೆ ಕೈ ಎತ್ತಿ ತಡೆಯುತ್ತಿದ್ದರು. ನನ್ನ ಜೊತೆ ಮಾತಾಡುವುದಕ್ಕೇ ಇಷ್ಟವಿಲ್ಲ ಅಂದುಕೊಂಡು ಎಷ್ಟು ಸಲ ಅತ್ತಿದ್ದೆನೋ. ಆಮೇಲೆ ಗೊತ್ತಾಯಿತು, ಮಹಾರಾಯರು ಒಳಗೊಳಗೇ ಹೆಜ್ಜೆ ಎಣಿಸುತ್ತಿದ್ದರು! ಮಾತಾಡಿದರೆ ಎಣಿಕೆ ತಪ್ಪುತ್ತದೆ. ಅತ್ತೆಯ ಹತ್ತಿರ ದೂರು ಹೇಳಿದರೆ, "ಅವನು ಹುಟ್ಟಿದಾಗ ಅತ್ತಿದ್ದೂ ಎಣಿಸ್ಕೊಂಡೇ ಇರ್ಬೇಕು ಬಿಡು" ಅಂತ ನಕ್ಕುಬಿಟ್ಟರು. ಅಲ್ಲಿಗೆ ನಾನೂ ಕೈಬಿಟ್ಟೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಅಂಗಡಿ, ಆಫೀಸು, ಮನೆಗಳ ಕಿಟಕಿಗೆ ಪರದೆ ಹೊಲಿಯತೊಡಗಿದೆ. ನನ್ನ ಕೊರಳಲ್ಲೂ ಒಂದು ಟೇಪು ಬಂತು. ಒಂದೇ ಮನೆಯಲ್ಲಿ ಇಬ್ಬರು ಅಳೆಯುವವರು ಇದ್ದರೆ ಜಗಳಕ್ಕೆ ಬರವೇ?

ಹೋದ ವರ್ಷ ಇವರ ಹೃದಯ ಸೋತಿತು. ಎದೆನೋವು ಬಂದು ಕುಸಿದು ಬೀಳಲಿಲ್ಲ. ಮಹಡಿ ಹತ್ತುವಾಗ ಮಧ್ಯದಲ್ಲಿ ನಿಲ್ಲುವುದು, ಮಲಗಿದರೆ ಉಸಿರು ಕಟ್ಟಿ ಎರಡು ದಿಂಬು ಮೂರಾಗುವುದು, ಹೀಗೆ ಒಂದೊಂದೇ ಶುರುವಾಗಿ ಕೊನೆಗೆ ಆಸ್ಪತ್ರೆಗೆ ತಂದು ನಿಲ್ಲಿಸಿತು. ಹೃದಯದ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಹೃದಯ ನಿಂತಿಲ್ಲ, ಬಲ ಕಳ್ಕೊಂಡಿದೆ. ಕೂತಾಗ ಬೇಕಾದಷ್ಟು ರಕ್ತ ತಳ್ಳುತ್ತೆ, ನಡೆಯುವಾಗ ಸಾಲಲ್ಲ. ಕಾಲಿಗೆ ಸಿಗಲ್ಲ, ಸುಸ್ತು. ಹಿಂದಕ್ಕೆ ಒತ್ತಡ ಬಿದ್ದು ಶ್ವಾಸಕೋಶದಲ್ಲಿ ನೀರು ಸೇರುತ್ತೆ, ಅದಕ್ಕೇ ಏದುಸಿರು." ಇನ್ನು ನಡೆಯುವುದೇ ಬೇಡವೇನೋ ಅಂತ ನಾನು ಹೆದರಿದ್ದೆ. ಅವರು ಅದಕ್ಕೆ ಒಪ್ಪಲಿಲ್ಲ. ದಿನಾ ನಡೆಯಲೇಬೇಕು, ಮೆಲ್ಲಗೆ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಅಂದರು.

ಹೇಗೆ ಅನ್ನುವುದನ್ನು ಕಲಿಸಿದ್ದು ಅಲ್ಲಿಯ ಫಿಸಿಯೋ, ಚುರುಕು ಹುಡುಗಿ. ಅವಳು ಹೇಳಿದ್ದು ಮೂರೇ ಮಾತು. ದಿನಾ ಬೆಳಿಗ್ಗೆ ತೂಕ ನೋಡಬೇಕು, ಮೈಯಲ್ಲಿ ನೀರು ನಿಂತು ಒಂದು ವಾರದಲ್ಲಿ ಎರಡು ಕಿಲೋ ಏರಿದರೆ ಫೋನು ಮಾಡಬೇಕು. ಪಾದ ಊದಿದೆಯಾ ನೋಡಿಕೊಳ್ಳಬೇಕು. ಜೊತೆಯವರೊಂದಿಗೆ ಮಾತಾಡುತ್ತ ನಡೆಯಬೇಕು. "ಒಂದು ಪೂರ್ತಿ ವಾಕ್ಯ ಆಡೋಕೆ ಆಗ್ತಿಲ್ಲ ಅಂದ್ರೆ ವೇಗ ಜಾಸ್ತಿ ಆಯ್ತು ಅಂತ. ನಿಂತ್ಬಿಡಿ ಸರ್."

ನಾನು ಜೊತೆಗೆ ಹೊರಟಿದ್ದು ಎರಡೇ ದಿನ. ಮೂರನೆಯ ದಿನ ಇವರೇ ಬೇಡ ಅಂದರು. "ನೀನು ಮಾತಾಡಿಸ್ತೀಯ, ಎಣಿಕೆ ತಪ್ಪುತ್ತೆ. ದೂರ ಎಷ್ಟು ಅಂತ ಲೆಕ್ಕ ಕೊಡೋದು ಬೇಡ್ವಾ?" ನನಗೂ ಮಷಿನ್ ಮೇಲೆ ರಾಶಿ ಕೆಲಸ ಬಿದ್ದಿತ್ತು, ಸುಮ್ಮನಾದೆ.

ಒಂದು ನೋಟುಬುಕ್ಕು ಬಂತು. ದಿನಾಂಕ, ಹೆಜ್ಜೆ, ಮೀಟರ್, ಹೀಗೆ ಸರ್ವೆ ದಾಖಲೆಯಂತೆ ಗೆರೆ ಎಳೆದು ಬರೆದದ್ದು. ಮೊದಲ ದಿನ ಇನ್ನೂರು ಹೆಜ್ಜೆ, ನೂರೈವತ್ತು ಮೀಟರ್. ವಾರ ಕಳೆದಂತೆ ನಾನೂರು, ಆರುನೂರು, ಒಂಬೈನೂರು. ಫಿಸಿಯೋ ಫೋನು ಮಾಡಿದಾಗ ಇವರು ಗಂಟಲು ಸರಿಮಾಡಿಕೊಂಡು ಓದಿ ಹೇಳುತ್ತಿದ್ದರು. "ಸೂಪರ್ ಸರ್" ಅನ್ನುತ್ತಿದ್ದಳು ಅವಳು. ಎಂಬತ್ತಾರನೆಯ ದಿನ ಸಾವಿರದ ಮುನ್ನೂರ ಅರವತ್ತು ಹೆಜ್ಜೆ, ಸಾವಿರದ ಇಪ್ಪತ್ತು ಮೀಟರ್ ಅಂತ ಬರೆದು ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿದರು.

ಆ ಕೆಂಪು ಗೆರೆಗೆ ಕಾರಣವಿತ್ತು. ಊರಾಚೆಯ ಗುಡ್ಡದಿಂದ ಕುಡಿಯುವ ನೀರಿನ ಹೊಸ ಪೈಪು ಹಾಕುವವರಿದ್ದರು. ಆ ಗುಡ್ಡದ ಇಳಿಜಾರನ್ನೆಲ್ಲ ನಡೆದು ಅಳೆಯಬೇಕು. ರಜೆಯಲ್ಲಿದ್ದ ಇವರಿಗೆ ಆ ಕೆಲಸದ ಮೇಲೇ ಕಣ್ಣು. ನಿಲ್ಲದೆ ಒಂದು ಕಿಲೋಮೀಟರ್ ನಡೆಯಬಲ್ಲರು ಅಂತ ಆಫೀಸಿನ ಡಾಕ್ಟರು ಪತ್ರ ಕೊಟ್ಟರೆ ಹೊರಗಿನ ಕೆಲಸಕ್ಕೆ ಹೋಗಬಹುದು, ಇಲ್ಲದಿದ್ದರೆ ನಿವೃತ್ತಿಯವರೆಗಿನ ಎರಡು ವರ್ಷ ಒಳಗೆ ಕೂತು ನಕ್ಷೆಗೆ ಮೊಹರು ಒತ್ತಬೇಕು. "ಮೊಹರು ಒತ್ತೋದಕ್ಕೆ ನಾನ್ಯಾಕೆ, ಒಂದು ಕಲ್ಲು ತಂದು ಕೂರಿಸ್ಲಿ" ಅನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ಮುಖ ಸಣ್ಣಗಾಗುತ್ತಿತ್ತು. ಪತ್ರಕ್ಕೆ ಹೋಗುವುದು ಬರುವ ಸೋಮವಾರ ಅಂತ ಗೊತ್ತಾಗಿತ್ತು.

ಕಣ್ಣಿದ್ದೂ ಕುರುಡಿಯಂತೆ ಇದ್ದೆ ನಾನು, ಈಗ ಹೇಳಿಕೊಂಡರೆ ಏನು ಬಂತು. ತೂಕ ಏರಿದ್ದು ನನಗೆ ಗೊತ್ತಿತ್ತು. ಕೇಳಿದ್ದಕ್ಕೆ ಇವರು ತಮ್ಮ ಮಟ್ಟಗೋಲು ತಂದು ತೂಕದ ಯಂತ್ರದ ಕೆಳಗಿನ ನೆಲದ ಮೇಲಿಟ್ಟರು. ಅದರೊಳಗಿನ ನೀರಿನ ಗುಳ್ಳೆ ಒಂದು ಕಡೆಗೆ ಸರಿಯಿತು. "ನೋಡು, ನೆಲವೇ ಓರೆ. ತೂಕ ಎಲ್ಲಿ ಸರಿ ತೋರಿಸುತ್ತೆ?" ಶೂ ಲೇಸು ಸಡಿಲ ಮಾಡಿಕೊಳ್ಳುವುದನ್ನೂ ಕಂಡಿದ್ದೆ. "ನೀನು ಒಗೆದು ಒಗೆದು ಸಾಕ್ಸ್ ಕುಗ್ಗಿಸಿದ್ದೀಯ" ಅಂತ ನನ್ನ ತಲೆಗೇ ಕಟ್ಟಿದರು. ಆದರೆ ಸಾವಿರದ ಇಪ್ಪತ್ತು ಮೀಟರ್ ನಡೆಯುವ ಮನುಷ್ಯನಿಗೆ ಏನಾಗಿರಲು ಸಾಧ್ಯ? ಊರಿನ ಅರ್ಧ ರಸ್ತೆ ಇವರ ಹೆಜ್ಜೆಯನ್ನು ನಂಬಿಯೇ ಆಗಿದ್ದು, ನಾನು ಯಾವ ದೊಡ್ಡವಳು ನಂಬದೆ ಇರಲಿಕ್ಕೆ.

ಗುರುವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಕೊಡಬೇಕಿತ್ತು. ಅದು ನಮ್ಮದೇ ರಸ್ತೆಯಲ್ಲಿದೆ. ಇವರೂ ನಡಿಗೆಯ ಲೆಕ್ಕಕ್ಕೆ ಆಗುತ್ತದೆ ಅಂತ ಜೊತೆಗೆ ಬಂದರು. ಎಂದಿನಂತೆ ಮಾತಿಲ್ಲ ಕತೆಯಿಲ್ಲ, ಕಣ್ಣು ನೆಲದ ಮೇಲೆ. ಗಂಟು ಹೊತ್ತಿದ್ದವಳು ನಾನು, ಆದರೂ ಎರಡು ಸಲ ನಿಂತು ಇವರಿಗಾಗಿ ಕಾಯಬೇಕಾಯಿತು. ಬಾಗಿಲು ಮುಟ್ಟಿದ ಕೂಡಲೇ, "ಆರುನೂರ ಹತ್ತು. ನಾನೂರ ಐವತ್ತೇಳೂವರೆ ಮೀಟರ್" ಅಂದರು.

ನಾನು ತಟಕ್ಕನೆ, "ನಾನೂರು ಹೆಜ್ಜೆ ಅಲ್ವಾ ಇಲ್ಲಿಗೆ?" ಅಂದೆ. ಈ ಮನೆಗೆ ಬಂದ ವರ್ಷವೇ ಇವರು ಅಂಚೆ ಕಚೇರಿ ಇಷ್ಟು, ಔಷಧಿ ಅಂಗಡಿ ಇಷ್ಟು ಅಂತ ಎಲ್ಲವನ್ನೂ ಎಣಿಸಿ ಒಪ್ಪಿಸಿದ್ದರು. ಹಲ್ಲಿನ ಕ್ಲಿನಿಕ್ಕಿಗೆ ಸರಿಯಾಗಿ ನಾನೂರು. ಪೂರ್ತಿ ನೂರರ ಲೆಕ್ಕ, ಮರೆಯುವಂಥದ್ದಲ್ಲ.

"ಫುಟ್‌ಪಾತ್ ಅಗೆದು ಹೊಸದಾಗಿ ಹಾಕಿದ್ದಾರೆ, ದಾರಿ ಬಳಸಾಗಿದೆ" ಅಂದರು ಇವರು.

ಎಷ್ಟು ಅಗೆದರೂ ರಸ್ತೆ ಅರ್ಧದಷ್ಟು ಬೆಳೆಯುತ್ತದೆಯೇ? ಪರದೆ ನೇತುಹಾಕುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಎರಡು ಅಂಚು ಸೇರಿಸಿ ಹೊಲಿಯುವಾಗ ಒಂದು ಉದ್ದ ಬಂದರೆ ಬಟ್ಟೆ ಬೆಳೆದಿದೆ ಅನ್ನುವುದಿಲ್ಲ ನಾವು, ಅಳೆದವರ ಕೈ ತಪ್ಪಿದೆ ಅನ್ನುತ್ತೇವೆ.

ಮರುದಿನ ಬೆಳಿಗ್ಗೆ ಇವರು ಹೊರಟು ಸ್ವಲ್ಪ ಹೊತ್ತಿನ ಮೇಲೆ ಕೊರಳಲ್ಲಿ ಟೇಪು ಹಾಕಿಕೊಂಡು ಹಿಂದೆಯೇ ಹೋದೆ. ಮೂರನೆಯ ತಿರುವಿನಲ್ಲಿ ಮನೆ ಕಟ್ಟುತ್ತಿದ್ದರು, ಫುಟ್‌ಪಾತಿನ ಉದ್ದಕ್ಕೂ ಮರಳು ಚೆಲ್ಲಿತ್ತು. ಇವರ ಶೂ ಗುರುತು ನನಗೆ ಗೊತ್ತಿಲ್ಲವೇ, ಎಡಗಾಲಿನ ಹಿಮ್ಮಡಿ ಒಂದು ಕಡೆ ಸವೆದಿದೆ. ಮೊಣಕಾಲೂರಿ ಒಂದರ ಹಿಮ್ಮಡಿಯಿಂದ ಮುಂದಿನದರ ಹಿಮ್ಮಡಿಗೆ ಟೇಪು ಹಿಡಿದೆ. ಐವತ್ತೆರಡು. ಮುಂದಿನದು ಐವತ್ತು. ಅದರ ಮುಂದಿನದು ಐವತ್ತು ಕೂಡ ಇಲ್ಲ. ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ, "ಏನ್ ಕಳ್ಕೊಂಡ್ರಿ ಅಕ್ಕಾ?" ಅಂತ ಕೇಳಿದಳು.

"ಇಪ್ಪತ್ತೈದು ಸೆಂಟಿಮೀಟರ್" ಅಂದೆ. ಅವಳಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ನನಗೆ ಅಲ್ಲೇ ಮರಳಿನ ಮೇಲೆ ಕೂತು ಗಟ್ಟಿಯಾಗಿ ಅಳಬೇಕು ಅನ್ನಿಸಿತು.

ಎಲ್ಲ ಒಂದೇ ಏಟಿಗೆ ತಿಳಿದುಹೋಯಿತು. ಉಸಿರು ಸಾಲದೆ ಕಾಲು ತಾನಾಗಿಯೇ ಹೆಜ್ಜೆ ಚಿಕ್ಕದು ಮಾಡಿಕೊಂಡಿದೆ. ಹೆಜ್ಜೆ ಚಿಕ್ಕದಾದಷ್ಟೂ ಅದೇ ದಾರಿಗೆ ಎಣಿಕೆ ಜಾಸ್ತಿ. ಎಣಿಕೆ ಜಾಸ್ತಿಯಾದಷ್ಟೂ ಇವರು ಮುಕ್ಕಾಲರಿಂದ ಗುಣಿಸಿ, ಸುಧಾರಿಸಿದ್ದೇನೆ ಅಂತ ಬರೆದಿದ್ದಾರೆ. ಮನುಷ್ಯ ಇಳಿಯುತ್ತ ಬಂದಿದ್ದಾನೆ, ಪುಸ್ತಕ ಏರುತ್ತ ಹೋಗಿದೆ. ಬೇರೆ ಯಾರೇ ಆಗಿದ್ದರೂ "ಔಷಧಿ ಅಂಗಡಿವರೆಗೆ ಹೋದೆ" ಅಂತ ಹೇಳುತ್ತಿದ್ದರು, ಸತ್ಯ ತಾನಾಗಿ ಹೊರಬರುತ್ತಿತ್ತು. ಈ ಪುಸ್ತಕ ನೋಡಿ ಪತ್ರ ಕೊಟ್ಟರೆ ಇವರು ಗುಡ್ಡ ಹತ್ತುತ್ತಾರೆ. ಹತ್ತಿದವರು ಇಳಿದು ಬರುತ್ತಾರೆ ಅನ್ನುವ ಧೈರ್ಯ ನನಗಿರಲಿಲ್ಲ.

ನಡಿಗೆ ಮುಗಿಸಿ ಮನೆಗೆ ಬಂದ ಇವರಿಗೆ ನೀರು ಕೊಟ್ಟು ವಿಷಯ ಹೇಳಿದೆ. ಸಿಟ್ಟು ಇವರಿಗೆ ಮೂಗಿನ ತುದಿಯಲ್ಲೇ. "ಮರಳಿನ ಮೇಲೆ ಯಾರ ಹೆಜ್ಜೆಯಾದ್ರೂ ಚಿಕ್ಕದಾಗುತ್ತೆ. ಕಾಲು ಜಾರುತ್ತೆ ಅಂತ ಗೊತ್ತಿಲ್ವಾ? ಪರದೆ ಅಳೆಯೋ ಟೇಪು ತಂದು ನನ್ನ ಕಾಲು ಅಳೀತಾಳಂತೆ!"

"ಸರಿ, ಹಾಗಾದ್ರೆ ನಡೀರಿ ಗಟ್ಟಿ ನೆಲಕ್ಕೆ" ಅಂದೆ ನಾನೂ ಬಿಡದೆ. "ನಮ್ಮ ಗೇಟಿಂದ ದೀಪದ ಕಂಬಕ್ಕೆ ಎಷ್ಟು?"

"ಎಂಬತ್ತು ಹೆಜ್ಜೆ. ಅರವತ್ತು ಮೀಟರ್. ನಿದ್ದೆಯಲ್ಲಿ ಕೇಳಿದ್ರೂ ಹೇಳ್ತೀನಿ."

"ನಡೀರಿ. ಆದ್ರೆ ಒಳಗೊಳಗೆ ಬೇಡ, ಬಾಯ್ಬಿಟ್ಟು ಎಣಿಸಿ."

ಹಠಕ್ಕೆ ಬಿದ್ದು ಹೊರಟರು. ಮೊದಲ ಮೂವತ್ತು ಕವಾಯತಿನ ಹಾಗೆ ಖಣಖಣ ಬಂತು. ಐವತ್ತು ದಾಟಿದ ಮೇಲೆ ಎರಡು ಸಂಖ್ಯೆಗೊಂದು ಉಸಿರು. ಎಪ್ಪತ್ತರಲ್ಲಿ ಒಂದೊಂದಕ್ಕೂ ಒಂದು. ಎಂಬತ್ತು ಅಂದಾಗ ಕಂಬ ಇನ್ನೂ ಅಷ್ಟು ದೂರದಲ್ಲಿ ನಿಂತಿತ್ತು. ಇವರು ಕಂಬವನ್ನು ನೋಡಿದರು, ನನ್ನನ್ನು ನೋಡಲಿಲ್ಲ, ಮುಂದೆ ಹೋದರು. "ತೊಂಬತ್ತ..." ಅಂದು ಉಸಿರೆಳೆದುಕೊಂಡು "ಎಂಟು" ಅಂದರು. ನೂರರ ಮೇಲೆ ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ದಾರಿ ಬದಿಯ ಒಂದು ಮನೆಯ ಗೇಟು ಹಿಡಿದು ನಿಂತು ಅದರ ತಿರುಗಣಿಗೆ ಎಣ್ಣೆ ಹಾಕಬೇಕೇನೋ ಅನ್ನುವ ಹಾಗೆ ನೋಡತೊಡಗಿದರು. ಭುಜ ಮೇಲೆ ಕೆಳಗೆ ಹೋಗುತ್ತಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು. "ಸಾಕು ಬನ್ನಿ" ಅಂದರೆ ಕೇಳಲಿಲ್ಲ. ಕಂಬ ಮುಟ್ಟಿದಾಗ ನೂರ ಇಪ್ಪತ್ತೊಂದು.

ಸುಧಾರಿಸಿಕೊಂಡ ಮೇಲೆ ಒಳಗಿನಿಂದ ಉದ್ದದ ಉಕ್ಕಿನ ಟೇಪು ತರಿಸಿದರು. ನಾನು ಗೇಟಿನ ಹತ್ತಿರ ಒಂದು ತುದಿ ಹಿಡಿದೆ. ಇವರು ಕಂಬದ ಹತ್ತಿರ ಬಗ್ಗಿ ಓದಿದರು, ಎದ್ದು ನಿಂತು ಇನ್ನೊಮ್ಮೆ ಬಗ್ಗಿ ಓದಿದರು.

"ಅರವತ್ತು" ಅಂದರು. "ರಸ್ತೆ ಅಷ್ಟೇ ಇದೆ."

ಬಂದು ಮೆಟ್ಟಿಲ ಮೇಲೆ ಕೂತರು. ನಾನು ಈಗಲೇ ಹೃದಯದ ಆಸ್ಪತ್ರೆಗೆ ಹೋಗೋಣ ಅಂದೆ. ಸೋಮವಾರ ಆಫೀಸಿನ ಡಾಕ್ಟರನ್ನು ಕಂಡೇ ಹೋಗುವುದು ಅಂದರು. "ನಾನೇ ಹೇಳ್ತೀನಿ, ನೀನು ಬಾಯಿ ಹಾಕ್ಬೇಡ." ಏನು ಹೇಳುತ್ತೀರಿ ಅಂತ ಕೇಳಿದರೆ ಉಕ್ಕಿನ ಟೇಪು ಸುತ್ತತೊಡಗಿದರು. ಆ ಎರಡು ದಿನ ನಾನು ಹೊಲಿದದ್ದೆಲ್ಲ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಆಫೀಸಿನ ಡಾಕ್ಟರು ಹಳೆಯ ಪರಿಚಯ, ದೊಡ್ಡ ನಗುವಿನ ಮನುಷ್ಯ. ಕಬ್ಬಿಣದ ಕಪಾಟು, ಮೇಜಿನ ಮೇಲೆ ಫಾರಂಗಳ ರಾಶಿ, ಹೊರಗೆ ಹದಿನೈದು ಜನ. ಇವರು ಕೂತರು, ನೋಟುಬುಕ್ಕು ಮುಂದಿಟ್ಟರು.

ಡಾಕ್ಟರು ಕೊನೆಯ ಪುಟ ತಿರುಗಿಸಿದರು. "ಸಾವಿರದ ಇಪ್ಪತ್ತು! ನಿಲ್ಲದೆ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ನಕ್ಕರು. "ಬೇರೆ ಯಾರಾದ್ರೂ ಆಗಿದ್ರೆ ಇಲ್ಲೇ ವರಾಂಡದಲ್ಲಿ ನಡೆಸಿ ನೋಡ್ತಿದ್ದೆ. ಮೀಟರ್ ಸಾಹೇಬ್ರ ಹೆಜ್ಜೆಗೆ ನಾನು ಟೇಪು ಹಿಡೀಲಾ?" ಫಾರಂ ಎಳೆದುಕೊಂಡು ಪೆನ್ನು ಬಿಚ್ಚಿದರು.

ನಾನು ಇವರ ಮುಖ ನೋಡಿದೆ. ಇವರು ಪೆನ್ನು ನೋಡುತ್ತಿದ್ದರು. ಹೆಸರು ಬರೆದಾಯಿತು, ವಯಸ್ಸು ಬರೆದಾಯಿತು. ದೂರದ ಖಾನೆಯಲ್ಲಿ ಒಂದು, ಸೊನ್ನೆ ಬಿದ್ದವು. ಗಂಡ ಹೆಂಡಿರ ನಡುವಿನ ಮಾತು ಹಾಳಾಗಿ ಹೋಗಲಿ, ಸಹಿ ಬೀಳುವ ಮೊದಲು ಆ ಕಾಗದ ಕಿತ್ತುಕೊಳ್ಳುತ್ತೇನೆ ಅಂತ ಕುರ್ಚಿಯ ತುದಿಗೆ ಬಂದೆ.

"ತಡೀರಿ ಡಾಕ್ಟ್ರೇ" ಅಂದರು ಇವರು.

ಡಾಕ್ಟರು ತಲೆ ಎತ್ತಿದರು.

"ಅಳತೆ ತಪ್ಪಿದೆ. ಎಂಬತ್ತಾರು ದಿನದ್ದೂ ತಪ್ಪು. ನಾನು ಈಗ ಅಷ್ಟು ದೂರ ನಡೀತಿಲ್ಲ, ನಡೆಯೋದೂ ನಿಂತು ನಿಂತು."

ಮೂವತ್ತೊಂದು ವರ್ಷದಲ್ಲಿ ಆ ಬಾಯಿಂದ ಬಾರದಿದ್ದ ಮಾತು ಅದು. ಹೇಳುವಾಗ ಕಿವಿಯ ತುದಿ ಕೆಂಪಗಾಗಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು, ನಗು ಹೋಗಿತ್ತು. ಎದ್ದು ಬಂದು ಇವರ ಸಾಕ್ಸ್ ಸರಿಸಿ ಪಾದವನ್ನು ಹೆಬ್ಬೆರಳಿನಿಂದ ಒತ್ತಿದರು. ಕುಳಿ ಬಿದ್ದದ್ದು ಹಾಗೇ ಉಳಿಯಿತು. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ಕೇಳಿ, ಆ ಫಾರಂನ ಹಿಂಬದಿಯಲ್ಲೇ ಹೃದಯದ ಡಾಕ್ಟರಮ್ಮನಿಗೆ ನಾಲ್ಕು ಸಾಲು ಗೀಚಿ ನನ್ನ ಕೈಗೆ ಕೊಟ್ಟರು. ಅರ್ಧ ಗಂಟೆಯಲ್ಲಿ ನಾವು ಆಸ್ಪತ್ರೆಯಲ್ಲಿದ್ದೆವು.

ನೀರು ಇಳಿಸುವ ಇಂಜೆಕ್ಷನ್ ಶುರುವಾಯಿತು. ಮೂರು ದಿನದಲ್ಲಿ ನಾಲ್ಕು ಕಿಲೋ ಇಳಿದರು. ಅಲ್ಲಿಯ ನೆಲ ಓರೆಯೋ ಸಮವೋ ಅಂತ ಇವರು ಕೇಳಲಿಲ್ಲ, ನಾನೂ ಕೆಣಕಲಿಲ್ಲ. "ಇನ್ನೂ ಹದಿನೈದು ದಿನ ಬಿಟ್ಟು ಬಂದಿದ್ರೆ ಕಷ್ಟ ಇತ್ತು" ಅಂದರು ಡಾಕ್ಟರಮ್ಮ. ಗುಡ್ಡದ ಮಾತು ಎತ್ತಿದ್ದು ಇವರೇ. ಅವರು ತಲೆ ಅಡ್ಡಡ್ಡ ಆಡಿಸಿದರು. ಇವರು ಹೂಂ ಅಂದರು, ಅಷ್ಟೇ.

ನಾಲ್ಕನೆಯ ದಿನ ಬೆಳಿಗ್ಗೆ ಫಿಸಿಯೋ ಹುಡುಗಿ ಇವರನ್ನು ಎಬ್ಬಿಸಿ ಉದ್ದನೆಯ ಕಾರಿಡಾರಿಗೆ ಕರೆತಂದಳು. "ದೂರ ಎಷ್ಟಾದ್ರೂ ಆಗ್ಲಿ ಸರ್, ನಂಗೆ ಬೇಡ. ಮೇಡಂ ಜೊತೆ ಮಾತಾಡ್ತಾ ನಡೀರಿ ಸಾಕು."

"ಏನ್ ಮಾತಾಡ್ಲಿ?" ಅಂತ ನನ್ನ ಕಡೆ ನೋಡಿದರು, ಪರೀಕ್ಷೆಗೆ ಓದದೆ ಬಂದವರ ಹಾಗೆ.

"ಮೂವತ್ತು ವರ್ಷದ ಮಾತು ಬಾಕಿ ಇದೆ, ಎಲ್ಲಿಂದಾದ್ರೂ ಶುರು ಮಾಡಿ" ಅಂದೆ.

ನಡೆದರು. ಒಂದು ಬಾಗಿಲು ದಾಟಿತು, ಇನ್ನೊಂದು ದಾಟಿತು. ಇವರ ಕೈ ನನ್ನ ಕೈಗೆ ತಗುಲಿತು, ಹಿಡಿದುಕೊಂಡರು.

"ಆ ಗುಡ್ಡ ನನ್ನ ಕೈಲಿ ಆಗಲ್ಲ ಅಂತ ನಂಗೆ ಗೊತ್ತಿತ್ತು ಕಣೇ" ಅಂದರು.

ನಾನು ನಿಂತೇಬಿಟ್ಟೆ. "ಯಾವಾಗಿಂದ?"

"ತುಂಬ ದಿನದಿಂದ. ಹೆಜ್ಜೆ ಚಿಕ್ಕದಾಗಿದ್ದು ಗೊತ್ತಿರಲಿಲ್ಲ, ಆಣೆಗೂ. ಆದ್ರೆ ಉಸಿರು..." ಒಂದು ಉಸಿರೆಳೆದುಕೊಂಡರು. "ಎಣಿಸ್ತಾ ಇದ್ರೆ ಅದು ಕೇಳಿಸ್ತಿರಲಿಲ್ಲ. ಎಣಿಕೆ ನಿಲ್ಲಿಸಿದ್ರೆ ಸಾಕು, ನನ್ನ ಉಸಿರೇ ನಂಗೆ ಕೇಳ್ಸೋದು. ಭಯ ಆಗೋದು. ಅದಕ್ಕೇ ನೀನು ಜೊತೆಗೆ ಬರಬೇಡ ಅಂದಿದ್ದು. ನಿಂಗೂ ಕೇಳ್ಸುತ್ತೆ ಅಂತ."

ಎಂಬತ್ತಾರು ಬೆಳಗು ಈ ಮನುಷ್ಯ ಒಬ್ಬನೇ ಆ ಭಯವನ್ನು ಹೊತ್ತು ನಡೆದಿದ್ದಾನೆ. ನಾನು ಪರದೆಗೆ ನೆರಿಗೆ ಹಿಡಿಯುತ್ತ ಒಳಗೆ ಕೂತಿದ್ದೆ. ಬೈಯಬೇಕು ಅಂತ ಬಾಯಿ ತೆರೆದರೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, "ನಂಗೆ ಕೇಳಿಸ್ಲಿ ಅಂತಾನೇ ಅಲ್ವೇನ್ರೀ ನಾನಿರೋದು" ಅಂದೆ.

ಇವರು ಏನೋ ಹೇಳಹೋದರು, ವಾಕ್ಯ ಅರ್ಧಕ್ಕೇ ನಿಂತಿತು. ಹಿಂದಿನಿಂದ ಫಿಸಿಯೋ ಹುಡುಗಿ "ನಿಂತ್ಕೊಳ್ಳಿ ಸರ್" ಅಂದಳು. ನಿಂತರು. ಗೋಡೆಗೆ ಒರಗಿ, ಮುಚ್ಚಿಡದೆ, ಬಾಯಿ ತೆರೆದೇ ಉಸಿರಾಡಿದರು. ನಾನು ಪಕ್ಕದಲ್ಲೇ ನಿಂತು ಪ್ರತಿಯೊಂದು ಉಸಿರನ್ನೂ ಕೇಳಿಸಿಕೊಂಡೆ. ಅದು ಮೆಲ್ಲಮೆಲ್ಲಗೆ ಹತೋಟಿಗೆ ಬಂತು. ಆಮೇಲೆ ಇವರು ಅರ್ಧಕ್ಕೆ ಬಿಟ್ಟಿದ್ದ ವಾಕ್ಯವನ್ನು ಮೊದಲಿನಿಂದ ಶುರು ಮಾಡಿದರು.